ಚಪ್ಪರದ ಬಾಗಿಲ ಭತ್ತ

ನಮ್ಮ ಮನೆತನದ ಹೆಂಗಸರ ತಲೆಯಲ್ಲಿ ಎಣ್ಣೆ ಜಾಸ್ತಿ. ಹಚ್ಚಿಕೊಂಡ ಎಣ್ಣೆಯ ಮಾತಲ್ಲ ಇದು, ಹುಟ್ಟಿನಿಂದಲೇ ಬಂದದ್ದು. ಬೆಳಿಗ್ಗೆ ತೊಳೆದ ಕೂದಲು ಸಂಜೆಯ ಹೊತ್ತಿಗೆ ನೆತ್ತಿಗೆ ಅಂಟಿಕೊಂಡು ಮಿರಮಿರ ಮಿಂಚುತ್ತದೆ, ದಿಂಬಿನ ಮೇಲೆ ಕಲೆ ಬೀಳುತ್ತದೆ. ನನ್ನಜ್ಜಿಯದೂ ಹಾಗೆಯೇ ಇತ್ತು, ಅಮ್ಮನದೂ ಹಾಗೆಯೇ, ನನ್ನದೂ ತಂಗಿ ತುಗಿನಾಳದೂ ಹಾಗೆಯೇ. ಇದನ್ನು ನಾಚಿಕೊಂಡು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಮೊಮ್ಮಕ್ಕಳನ್ನು ಕಂಡ ನನ್ನ ತಲೆಯಲ್ಲಿ ಇವತ್ತಿಗೂ ಮುಷ್ಟಿಗೆ ಸಿಗದಷ್ಟು ಕೂದಲಿದೆ. ಅನುಮಾನವಿದ್ದವರು ಬಂದು ಹಿಡಿದು ನೋಡಲಿ.

ಜಿಡ್ಡಿನ ತಲೆಗೂ ಒಂದು ಮರ್ಯಾದೆ ಇದೆ. ಬಟ್ಟೆ ಸೋಪು ಹಾಕಿ ಗಸಗಸ ತಿಕ್ಕಿದರೆ ಅದು ಸಿಟ್ಟಿಗೆದ್ದು ಎರಡರಷ್ಟು ಜಿಡ್ಡು ಬಿಡುತ್ತದೆ. ಉಗುರಿನಲ್ಲಿ ಕೆರೆಯಬಾರದು, ಸುಡುವ ನೀರು ಸುರಿಯಬಾರದು, ಹೊತ್ತುಗೊತ್ತಿಲ್ಲದೆ ಬಾಚುತ್ತ ಕೂರಬಾರದು. ನಮ್ಮ ಮದ್ದು ಒಂದೇ, ಮೆರಾಂಗ್. ಭತ್ತದ ಕಾಳು ಉದುರಿಸಿದ ಮೇಲೆ ಉಳಿಯುತ್ತದಲ್ಲ, ಆ ತೆನೆಯ ಕಡ್ಡಿ. ಅದನ್ನು ಸುಟ್ಟು, ಬೆಳ್ಳಗೆ ಬೂದಿಯಾಗುವ ಮೊದಲೇ ನೀರು ಚಿಮುಕಿಸಿ ಆರಿಸಿ, ಆ ಕರಿಯನ್ನು ನೆನೆಹಾಕಿ ಸೋಸಿದರೆ ಕಪ್ಪು ನೀರು ಬರುತ್ತದೆ. ಬೆರಳ ತುದಿಯಿಂದ ನೆತ್ತಿಗೆ ಮೆಲ್ಲಗೆ ಉಜ್ಜಿದರೆ ಸಾಕು, ಜಿಡ್ಡು ತಾನಾಗಿ ಬಿಡುತ್ತದೆ, ಕೂದಲು ಹಗುರಾಗಿ ಎದ್ದು ನಿಲ್ಲುತ್ತದೆ, ಎರಡು ದಿನ ಜಿಡ್ಡು ಹತ್ತಿರ ಸುಳಿಯುವುದಿಲ್ಲ.

ನಾನು ಕಾರ್ಸಿನಾ. ದೆಲಂಗು ಪೇಟೆಯ ಸುತ್ತಲಿನ ಹಳ್ಳಿಗಳಲ್ಲಿ ಮದುಮಗಳ ಸಿಂಗಾರ ಎಂದರೆ ನನ್ನ ಕೈಯದೇ. ಹುಡುಗಾಟದ ಕೆಲಸವಲ್ಲ ಅದು. ಹಣೆಯ ಮೇಲೆ ಕಪ್ಪು ಲೇಪದಲ್ಲಿ ಎಲೆಯ ಆಕಾರಗಳನ್ನು ಬಿಡಿಸಬೇಕು. ಎರಡೂ ಕಿವಿಯ ಮೇಲೆ ಕೂದಲನ್ನು ಉಬ್ಬಿಸಿ ನಿಲ್ಲಿಸಬೇಕು. ಹಿಂದೆ, ಸಣ್ಣಗೆ ಹೆಚ್ಚಿದ ಘಮದ ಪಾಂದಾನ್ ಎಲೆ ತುಂಬಿದ ದೊಡ್ಡ ತುರುಬು, ಅದರ ಮೇಲೆ ಮಲ್ಲಿಗೆ ಮೊಗ್ಗಿನ ಬಲೆ. ನೆತ್ತಿಯಲ್ಲಿ ಜಿಡ್ಡಿದ್ದರೆ ಮುಗಿದೇ ಹೋಯಿತು. ಉಬ್ಬಿಸಿದ್ದು ಕುಸಿಯುತ್ತದೆ, ತುರುಬು ಜಾರುತ್ತದೆ, ಹಣೆಯ ಕಪ್ಪು ಹುಬ್ಬಿಗೆ ಇಳಿಯುತ್ತದೆ. ಅದಕ್ಕೇ ಈಗಿನ ಸಿಂಗಾರದವರು ಕಟ್ಟಿಟ್ಟ ಚೌರಿ ತಂದು ಪಿನ್ನು ಚುಚ್ಚಿ ಕೂರಿಸಿಬಿಡುತ್ತಾರೆ. ನಾನು ಚೌರಿಯನ್ನು ಮುಟ್ಟಿದವಳೇ ಅಲ್ಲ.

ತುಗಿನಾಳಿಗೆ ಒಬ್ಬಳೇ ಮಗಳು, ವಿನಾರ್ಸಿ. ನಾನು ಅವಳಿಗೆ ಬುದೆ, ಅಮ್ಮನ ಅಕ್ಕ. ತಾಯಿ ಮಗಳಿಬ್ಬರೂ ದೆಲಂಗು ರೈಲು ನಿಲ್ದಾಣದ ಹೊರಗೆ ತೆಂಪೆ, ಅಂದರೆ ಹುದುಗಿಸಿದ ಸೋಯಾ ಕಾಳಿನ ಬಿಲ್ಲೆ, ಕರಿದು ಮಾರುತ್ತಾರೆ. ಶಾಲೆಯಲ್ಲಿ ಇವಳಿಗೆ ‘ಬಾಣಲೆ’ ಎಂದೇ ಹೆಸರಿಟ್ಟಿದ್ದರು. ‘ಬಾಣಲೆ ಬಂತು, ತೆಂಪೆ ಬಿಡ್ರೋ’ ಎಂದು ಕೂಗುತ್ತಿದ್ದರಂತೆ. ಹುಡುಗಿ ಅಳಲಿಲ್ಲ, ಕೂಗಿದವನೊಬ್ಬನ ಕಿವಿ ಹಿಂಡಿ ಮನೆಗೆ ಬಂದಳು. ಆದರೆ ಅಂದಿನಿಂದ ತಲೆಗೆ ಬಟ್ಟೆ ಕಟ್ಟದೆ ಅವಳು ಬೀದಿಗಿಳಿದದ್ದನ್ನು ನಾನು ಕಂಡಿಲ್ಲ.

ನಮ್ಮೂರ ಗೋಣಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಸೋಲೋ ಪಟ್ಟಣದ ಹುಡುಗ ಹರ್ಯಾದಿ, ರೈಲಿಳಿದು ದಿನಾ ತೆಂಪೆ ತಿನ್ನುತ್ತ ತಿನ್ನುತ್ತ ಇವಳನ್ನೇ ಮೆಚ್ಚಿಕೊಂಡ. ಮಾತು ಮದುವೆಯವರೆಗೆ ಬಂತು. ಹೆಣ್ಣು ನೋಡಲು ಅವನ ತಾಯಿ ಕುಸ್ಮಿ ಬಂದರು, ನಮ್ಮಲ್ಲಿ ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಹಾಗೆ ಬು ಕುಸ್ಮಿ. ಮಾರುಕಟ್ಟೆಯಲ್ಲಿ ಬಾಟಿಕ್ ಬಟ್ಟೆಯ ಅಂಗಡಿ, ದೊಡ್ಡ ತುರುಬು, ದೊಡ್ಡ ಠೀವಿ. ತುಗಿನಾಳ ಮನೆಯ ಬಾಗಿಲು ಗಿಡ್ಡ, ಎಂಥವರೂ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಆ ಮಹಾತಾಯಿ ತಲೆ ಬಗ್ಗಿಸಲಿಲ್ಲ. ಒಂದು ಕೈಯನ್ನು ತುರುಬಿನ ಮೇಲಿಟ್ಟು, ಮೊಣಕಾಲು ಮಡಿಸಿ, ಕತ್ತನ್ನು ನೆಟ್ಟಗಿಟ್ಟುಕೊಂಡೇ ದಾಟಿ ಬಂದರು. ಅಬ್ಬಾ ಗತ್ತೇ ಎಂದುಕೊಂಡೆ.

ವಿನಾರ್ಸಿ ಬಟ್ಟೆ ತೆಗೆದು ಕಾಲಿಗೆರಗಿದಳು. ಬು ಕುಸ್ಮಿ ಅವಳ ನೆತ್ತಿಯ ಮೇಲೆ ಕೈಯಿಟ್ಟರು. ಆಮೇಲೆ ತಮ್ಮ ಬೆರಳುಗಳನ್ನು ಒಂದಕ್ಕೊಂದು ಉಜ್ಜಿ, ಸುಮಾರು ಹೊತ್ತು ನೋಡಿಕೊಂಡರು. ನನಗೆ ಮೈಯೆಲ್ಲ ಉರಿಯಿತು.

“ಬು ಕಾರ್ಸಿ, ಈ ತಲೆಗೆ ಚೌರಿನೇ ಸರಿ. ನನ್ನ ಹತ್ರ ಒಳ್ಳೇದಿದೆ, ಮದುವೆ ದಿನ ನಾನೇ ತರ್ತೀನಿ” ಎಂದರು.

“ಚೌರಿ ಹೊತ್ತ ಮದುಮಗಳು ನನ್ನ ಕೈಯಿಂದ ಇವತ್ತಿನವರೆಗೂ ಎದ್ದಿಲ್ಲ, ಬು.”

“ಆದ್ರೆ ಈ ತಲೇನ ನೀವು ನೋಡಿದೀರಿ ತಾನೆ?”

“ನೋಡೋದೇನು ಬಂತು? ನನ್ನ ಕತ್ತಿನ ಮೇಲೂ ಅದೇ ತಲೆನೇ ಇರೋದು!”

ತುಗಿನಾ ನನ್ನ ಸೊಂಟ ಚಿವುಟಿದಳು. ಬು ಕುಸ್ಮಿ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. “ಆಯ್ತು. ಚೌರಿ ತಂದಿರ್ತೀನಿ. ಹುಡುಗ ಬಾಗಿಲಿಗೆ ಬರೋಕೆ ಮುಂಚೆ ನಾನೇ ಒಳಗೆ ಬಂದು ನೋಡ್ತೀನಿ. ಕೂದಲು ಒಂಚೂರು ಜಗ್ಗಿದ್ರೂ ಚೌರಿ ಏರಬೇಕು. ಅದೂ ನಿಮ್ಮ ಕೈಯಿಂದ್ಲೇ.”

“ತನ್ನಿ ತನ್ನಿ. ತಂದ ಬುಟ್ಟಿ ಭಾರವಾಗೇ ವಾಪಸ್ ಹೋಗುತ್ತೆ, ನೋಡ್ತಿರಿ.”

ಅವರು ಹೋದ ಮೇಲೆ ವಿನಾರ್ಸಿ ನನ್ನ ಪಕ್ಕ ಬಂದು ಕೂತಳು. “ಬುದೆ, ಅಷ್ಟು ಜೋರಾಗಿ ಹೇಳಿಬಿಟ್ರಲ್ಲ, ಆಗುತ್ತಾ?”

“ಯಾಕೇ, ನಿಂಗೇ ಅನುಮಾನನಾ?”

“ಬಾಣಲೆ ಅಂದೋರೆಲ್ಲಾ ಮದುವೆಗೆ ಬರ್ತಾರೆ. ಬೇರೆ ಯಾರದೋ ಕೂದಲು ಹೊತ್ಕೊಂಡು ಅವರ ಮುಂದೆ ಕೂರೋಕೆ ನಂಗಾಗಲ್ಲ ಬುದೆ. ಒಂದು ದಿನ ನನ್ನ ತಲೆ ನಂದಾಗೇ ಇರ್ಲಿ. ಅಷ್ಟು ಮಾಡ್ಕೊಡಿ ಸಾಕು.” ಅವಳು ಹೀಗೆ ಏನನ್ನಾದರೂ ಕೇಳಿದ್ದು ಅದೇ ಮೊದಲು. ಮಾಡಿಕೊಡುತ್ತೇನೆ ಎಂದು ಅವಳ ತಲೆಯ ಮೇಲೆಯೇ ಕೈಯಿಟ್ಟು ಹೇಳಿದೆ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ನೀರೆರೆಯುವ ಶಾಸ್ತ್ರ. ಹಿರಿಯರೆಲ್ಲ ಒಬ್ಬೊಬ್ಬರಾಗಿ ಹೂವಿನ ನೀರು ಎರೆದರು. ಅದಾದ ಮೇಲೆ ನಾನು ಮೆರಾಂಗ್ ನೀರು ಹಾಕಿ ತಲೆ ತೊಳೆದೆ. ನನ್ನ ಅಟ್ಟದಲ್ಲಿದ್ದ ಕೊನೆಯ ಕಟ್ಟು ಅದು. ಈಗ ಗದ್ದೆಗಳಲ್ಲೆಲ್ಲ ಸರ್ಕಾರದ ಗಿಡ್ಡ ಭತ್ತ. ಬುಡಕ್ಕೆ ಕುಡುಗೋಲು ಹಾಕಿ ಅಲ್ಲೇ ಬಡಿದು ಕಾಳನ್ನಷ್ಟೇ ಮನೆಗೆ ತರುತ್ತಾರೆ, ತೆನೆಕಡ್ಡಿ ಮುರಿದು ಹುಲ್ಲಿನ ಜೊತೆ ಕೊಳೆಯುತ್ತದೆ. ಉದ್ದ ತೆನೆಯ ಹಳೇ ತಳಿ ರೋಜೋಲೆಲೆ ಭತ್ತವನ್ನು ಬೆಳೆದು, ಬೆರಳ ಸಂದಿಯ ಪುಟ್ಟ ಕತ್ತಿಯಲ್ಲಿ ಒಂದೊಂದೇ ತೆನೆ ಕೊಯ್ಯುವ ತಾಳ್ಮೆ ಯಾರಿಗಿದೆ ಹೇಳಿ. ಇರಲಿ, ಕೂದಲು ಒಣಗಿದಾಗ ನೋಡಬೇಕಿತ್ತು. ಬೆರಳು ಹಾಯಿಸಿದರೆ ಗಾಳಿಯಲ್ಲಿ ಹಾಯಿಸಿದ ಹಾಗಿತ್ತು. ಹೆಮ್ಮೆಯಿಂದ ಮನೆಗೆ ಹೋದೆ. ಸಿಂಗಾರಕ್ಕೆ ಮುಂಚೆ ನಾನು ಉಪವಾಸವಿದ್ದು, ತೆಪ್ಪಗೆ ಮಲಗುವುದು ವಾಡಿಕೆ.

ಬೆಳಿಗ್ಗೆ ಬಾಚಣಿಗೆಯ ಡಬ್ಬಿ ಹಿಡಿದು ಬಂದರೆ ಹುಡುಗಿ ತಲೆಗೆ ಬಟ್ಟೆ ಸುತ್ತಿಕೊಂಡು ಚಾಪೆಯ ಮೇಲೆ ಮುದುಡಿ ಕೂತಿದ್ದಾಳೆ. ಬಟ್ಟೆ ಎಳೆದೆ. ಅಯ್ಯಯ್ಯೋ! ನೆತ್ತಿಯಿಂದ ತುದಿಯವರೆಗೆ ಎಣ್ಣೆ ತೊಟ್ಟಿಕ್ಕುತ್ತಿದೆ. ಹೂವು ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ, ಕೋಣೆಯೆಲ್ಲ ಘಮಘಮ.

“ಯಾರು ಮಾಡಿದ್ದು ಈ ಘನಕಾರ್ಯ?” ಎಂದು ಕಿರುಚಿದೆ.

“ನಾನೇ ಕಣೇ” ಎಂದು ಮೂಲೆಯಿಂದ ದನಿ ಬಂತು. ಸಿಂಬಾ ದಿರ್ಜೊ, ಅಂದರೆ ದಿರ್ಜೊ ಅಜ್ಜಿ, ತುಗಿನಾಳ ಗಂಡ ದಾರ್ಮೊನ ಅಜ್ಜಿ. ಅವರ ಕಡೆಯವರದು ಒಣಹುಲ್ಲಿನಂಥ ತಲೆ. ಅಜ್ಜಿ ಬೊಚ್ಚು ಬಾಯಿ ಅಗಲಿಸಿ ನಗುತ್ತಿದ್ದಳು. “ಸಂಜೆ ಮುಟ್ಟಿ ನೋಡಿದೆ, ಕೂದಲು ಬರಬರ ಅಂತಿತ್ತು ಪಾಪ. ಮದುವೆ ಹೆಣ್ಣು ಒಣ ತಲೇಲಿ ಕೂರ್ತಾಳಾ? ನಾನೇ ಕಾಯಿಸಿದ ಎಣ್ಣೆ, ಕರಟದಲ್ಲಿದ್ದಷ್ಟೂ ತಿಕ್ಕಿಬಿಟ್ಟೆ. ಮಂತ್ರಾನೂ ಹೇಳಿದೀನಿ.”

“ನಮ್ಮ ತಲೆಗೆ ಎಣ್ಣೆನಾ ಸಿಂಬಾ? ನಮ್ಮ ತಲೆಗೆ? ನಿಮಗೇನು ಹೇಳ್ಲಿ ನಾನು!”

“ಬೇಡ ಅನ್ನೋಕಾಗ್ಲಿಲ್ಲ ಬುದೆ. ಹರಸ್ತಾ ಹರಸ್ತಾ ಹಚ್ತಿದ್ರು” ಎಂದಳು ವಿನಾರ್ಸಿ. ಬಾಣಲೆ ಎಂದಾಗ ಅಳದ ಹುಡುಗಿಯ ಕಣ್ಣು ತುಂಬಿತ್ತು. ಮುಂದುಗಡೆ ತುಗಿನಾ ಅಳುತ್ತ ಕೂತಿದ್ದಳು. ಅಜ್ಜಿಯ ನಗು ನಿಧಾನಕ್ಕೆ ಇಳಿಯಿತು. ಏನೋ ತಪ್ಪಾಗಿದೆ ಎಂದು ಅವಳಿಗೂ ಗೊತ್ತಾಯಿತು, ಎಣ್ಣೆ ಮೆತ್ತಿದ ತನ್ನ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ನನ್ನ ಸಿಟ್ಟು ಅಲ್ಲಿಗೇ ಇಳಿದುಹೋಯಿತು.

ಮದುವೆ ಮನೆಯಲ್ಲಿ ಬುದ್ಧಿ ಹೇಳುವವರಿಗೆ ಬರವೇ? ಒಬ್ಬಳು ಪಾತ್ರೆ ಸೋಪು ತಂದಳು. ಇನ್ನೊಬ್ಬಳು ಪೌಡರು ಸುರಿಯೋಣ ಎಂದಳು. ಪಕ್ಕದ ಮನೆಯವಳು ಒಂದು ಹೊರೆ ಒಣಹುಲ್ಲನ್ನೇ ಹೊತ್ತು ತಂದು, “ಇದನ್ನೇ ಸುಟ್ಟು ನೀರು ಮಾಡಿ ಬು, ಎಲ್ಲಾ ಒಂದೇ ಭತ್ತದ್ದು ತಾನೆ” ಎಂದಳು. “ಒಂದೇ ಅಂತೆ! ಹುಲ್ಲಿನ ಬೂದಿ ಹಾಕಿದ್ರೆ ಮದುಮಗಳು ಮಂಟಪದಲ್ಲಿ ಕೂತು ತಲೆ ಪರಪರ ಕೆರ್ಕೋತಾಳೆ. ತಗೊಂಡು ಹೋಗೇ, ನಿಮ್ಮ ಎಮ್ಮೆಗೆ ಹಾಕು” ಎಂದು ಗದರಿದೆ. ಒಂದು ಕಟ್ಟು ಮೆರಾಂಗ್ ಬೇಕು. ಊರಿಗೆ ಊರೇ ಹುಡುಕಿದರೂ ಸಿಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಂಡಿನ ಕಡೆಯವರು ರೈಲಿಳಿಯುತ್ತಾರೆ. ನನ್ನ ಕೈಯಿಂದಲೇ ಚೌರಿ ಏರುವ ಹಾಗಾಯಿತಲ್ಲ ಎಂದು ಹೊರಗೆ ಬಂದು ನಿಂತೆ.

ಆಗ ಕಂಡಿತು ನೋಡಿ. ಚಪ್ಪರದ ಬಾಗಿಲಿಗೆ ಎರಡೂ ಕಡೆ ಗೊನೆ ಬಿಟ್ಟ ಬಾಳೆ, ಎಳನೀರು, ಕಬ್ಬಿನ ಜಲ್ಲೆ, ಅವುಗಳ ಜೊತೆಗೆ ದಪ್ಪ ದಪ್ಪ ಭತ್ತದ ತೆನೆಯ ಕಟ್ಟು. ಬಾಗಿಲಿಗೆ ಕಟ್ಟಲು ಗಿಡ್ಡ ಭತ್ತ ಚೆನ್ನಾಗಿ ಕಾಣುವುದಿಲ್ಲವೆಂದು ದಾರ್ಮೊ ಎಲ್ಲಿಂದಲೋ ರೋಜೋಲೆಲೆ ತರಿಸಿದ್ದ. ಉದ್ದುದ್ದ ಕಡ್ಡಿ, ಬಂಗಾರದ ಬಣ್ಣ. ಹಿಂದೆ ಮುಂದೆ ನೋಡದೆ ಮಣೆ ಹತ್ತಿ ಹಗ್ಗ ಬಿಚ್ಚಿದೆ.

ದಾರ್ಮೊ ಓಡಿ ಬಂದ. “ಅಕ್ಕಾ, ಏನಿದು? ಬಾಗಿಲ ಭತ್ತ ಕೀಳ್ತಾರಾ ಯಾರಾದ್ರೂ? ಮದುವೆ ಮನೆ ಅನ್ನ ಹೋದ ಹಾಗೆ ಆಗುತ್ತೆ! ಬೀಗರು ಬಂದು ಏನಂತಾರೆ?”

“ಈ ಭತ್ತ ಯಾಕೋ ಕಟ್ಟಿದ್ದು? ಹುಡುಗಿಗೆ ಒಳ್ಳೇದಾಗ್ಲಿ ಅಂತ ತಾನೆ? ಹೊರಗೆ ನೇತಾಡ್ತಾ ಮಾಡೋ ಒಳ್ಳೇದನ್ನ ಒಳಗೆ ಬಂದು ಮಾಡ್ಲಿ. ಸರಿ ಆಚೆ!”

“ಅಪಶಕುನ ಅಕ್ಕಾ. ನಾನು ಬಿಡಲ್ಲ.” ನೆರೆದವರೆಲ್ಲ ಅವನ ಕಡೆಯೇ. ಹಿರಿಯರು ಹೇಳದೆ ಬಾಗಿಲಿನದನ್ನು ಮುಟ್ಟುವಂತಿಲ್ಲ ಎಂದರು. ಒಂದು ಕಟ್ಟು ನನ್ನ ಕಂಕುಳಲ್ಲಿ, ಅದರ ತುದಿ ದಾರ್ಮೊನ ಕೈಯಲ್ಲಿ.

ಆಗ ಸಿಂಬಾ ದಿರ್ಜೊ ಕೋಲೂರಿಕೊಂಡು ಹೊರಗೆ ಬಂದಳು. ಆ ಗುಂಪಿನಲ್ಲಿ ಅವಳಿಗಿಂತ ಹಿರಿಯರು ಇರಲಿಲ್ಲ. ನೇರವಾಗಿ ಇನ್ನೊಂದು ಕಡೆಯ ಬಾಗಿಲಿಗೆ ಹೋದಳು. “ಬಿಚ್ಚೋ ದಾರ್ಮೊ, ನಂಗೆ ನಿಲುಕಲ್ಲ” ಎಂದಳು. ಅವನು ಬಾಯಿ ತೆರೆದ. “ಬಿಚ್ಚೋ ಅಂದ್ನಲ್ಲ! ಎಣ್ಣೆ ಹಚ್ಚಿದೋಳು ನಾನು, ತೆಗಿಯೋಳೂ ನಾನೇ. ಅಪಶಕುನ ಬಂದ್ರೆ ನನ್ನ ತಲೆ ಮೇಲೆ ಬರ್ಲಿ, ಇನ್ನೆಷ್ಟು ದಿನ ಇರುತ್ತೆ ಈ ತಲೆ.” ದಾರ್ಮೊ ತೆಪ್ಪಗೆ ಬಿಚ್ಚಿಕೊಟ್ಟ.

ಅಜ್ಜಿ ಮೊರ ಇಟ್ಟುಕೊಂಡು ಕಾಲು ಚಾಚಿ ಕೂತು ತೆನೆಯಿಂದ ಕಾಳು ಬಿಡಿಸಿದ ವೇಗ ನೋಡಿ ನಾನೇ ದಂಗಾದೆ. ಕಡ್ಡಿಗಳನ್ನು ಒಟ್ಟುಮಾಡಿ ಸುಟ್ಟೆ, ಕಪ್ಪಿರುವಾಗಲೇ ಆರಿಸಿದೆ. ಇಡೀ ರಾತ್ರಿ ನೆನೆಯಬೇಕಾದದ್ದು, ಹೊತ್ತಿಲ್ಲ. ಕುದಿಯುವ ನೀರು ಹೊಯ್ದು, ಕದಡಿ, ಸೋಸಿ, ಆರಿಸಿ ಬಾವಿಕಟ್ಟೆಗೆ ಒಯ್ದೆ. ಒಂದು ಸಲ ತೊಳೆದೆ, ಜಿಡ್ಡು ಜಗ್ಗಲಿಲ್ಲ. ಮತ್ತೆ ತೊಳೆದೆ, ಆಗಲೂ ಅಷ್ಟಕ್ಕಷ್ಟೇ. ಕೆರೆದು ತಿಕ್ಕಿಬಿಡೋಣ ಎನ್ನಿಸಿತು, ಕೈ ತಡೆದುಕೊಂಡೆ. ಬೆರಳ ತುದಿಯಲ್ಲೇ, ಮೆಲ್ಲಗೆ, ಬೈತಲೆಯಿಂದ ಬೈತಲೆಗೆ ಮತ್ತೊಮ್ಮೆ ಉಜ್ಜಿ ನೀರು ಹಾಕಿದೆ. ಬೆರಳಿನಡಿ ಕೂದಲು ಕಿರ್ ಎಂದಿತು. ಅಬ್ಬ! ಆ ಸದ್ದಿಗಿಂತ ಇಂಪಾದ ಸದ್ದನ್ನು ನಾನು ಕೇಳಿಲ್ಲ.

ಆಮೇಲೆ ಅವಳನ್ನು ಬೆಂಚಿನ ಮೇಲೆ ಅಂಗಾತ ಮಲಗಿಸಿ, ಕೂದಲನ್ನು ಬಿದಿರಿನ ಕುಕ್ಕೆಯ ಮೇಲೆ ಹರವಿ, ಕೆಳಗೆ ಕೆಂಡದ ಮೇಲೆ ಪರಿಮಳದ ಪುಡಿ ಉದುರಿಸಿದೆ. ಹೊಗೆಗೆ ಕೂದಲು ಒಣಗುತ್ತ ಹೋಯಿತು. ಉಬ್ಬಿಸಿದರೆ ಉಬ್ಬಿತು, ನಿಲ್ಲು ಎಂದರೆ ನಿಂತಿತು. ಮಲ್ಲಿಗೆಯ ಬಲೆ ಹೊದಿಸುವ ಹೊತ್ತಿಗೆ ಗಂಡಿನ ಕಡೆಯ ದಿಬ್ಬಣ ಬೀದಿಯ ತುದಿಗೆ ಬಂದಿತ್ತು.

ಬು ಕುಸ್ಮಿ ಬುಟ್ಟಿ ಹಿಡಿದು ಮುಂಚೆಯೇ ಒಳಗೆ ಬಂದರು. ಹಳೆಯ ಹಾಗೇ, ಕೈ ತುರುಬಿನ ಮೇಲೆ, ಕತ್ತು ನೆಟ್ಟಗೆ. “ಬಾಗಿಲಲ್ಲಿ ಬಾಳೆ ಇದೆ, ಕಬ್ಬಿದೆ. ಭತ್ತ ಎಲ್ಲಿ?” ಎಂದರು.

ದಾರ್ಮೊ ನೆಲ ನೋಡಿದ. ನಾನು ವಿನಾರ್ಸಿಯನ್ನು ಅವರ ಕಡೆಗೆ ತಿರುಗಿಸಿ ಕೂರಿಸಿದೆ. “ಇಲ್ಲಿದೆ ಬು. ಮದುಮಗಳ ತಲೆ ಮೇಲೆ.”

ನಡೆದದ್ದೆಲ್ಲ ಹೇಳಿದೆ. ಅವರು ಹತ್ತಿರ ಬಂದು ಉಬ್ಬಿಸಿದ ಕೂದಲನ್ನು ಒತ್ತಿ ನೋಡಿದರು, ತುರುಬನ್ನು ಅಲುಗಿಸಿ ನೋಡಿದರು. ಬುಟ್ಟಿಯನ್ನು ಮೂಲೆಯಲ್ಲಿಟ್ಟರು. ಆದರೆ ಅವರ ಮುಖ ಇನ್ನೂ ಬಿಗಿದೇ ಇತ್ತು. “ಈಗ ನಿಂತಿದೆ. ಬಗ್ಗಿದಾಗ ನೋಡೋಣ” ಎಂದರು. ಬಾಯಲ್ಲಿ ಒಂದು ಒಳ್ಳೆಯ ಮಾತು ಬರಬಾರದೇ!

ಆ ದಿನದ ಬಿಸಿಲೋ ಬೆಂಕಿ. ಚಪ್ಪರದಡಿ ಜನ ಬೀಸಣಿಗೆ ಬೀಸಿಕೊಂಡು ಸುಸ್ತಾದರು. ಹರ್ಯಾದಿ ಬಂದ. ಶಾಸ್ತ್ರದ ಪ್ರಕಾರ ಇಬ್ಬರೂ ವೀಳ್ಯದೆಲೆಯ ಸುರುಳಿ ಎಸೆದಾಡಿದರು, ಅವನು ಮೊಟ್ಟೆ ತುಳಿದ, ಇವಳು ಮೊಣಕಾಲೂರಿ ಅವನ ಪಾದ ತೊಳೆದಳು. ತುರುಬು ಅಲುಗಲಿಲ್ಲ. ‘ಬಾಣಲೆ’ ಎಂದು ಕೂಗಿದ್ದವನು ಈಗ ಹೊಟ್ಟೆ ಬಿಟ್ಟುಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದ. “ಅದು ಅವಳದೇ ಕೂದಲಾ?” ಎಂದು ಹೆಂಡತಿಯನ್ನು ಕೇಳಿದ. “ಬಂದು ಎಳೆದು ನೋಡಪ್ಪಾ, ಇನ್ನೊಂದು ಕಿವೀನೂ ಹಿಂಡ್ತಾಳೆ” ಎಂದೆ. ಸುತ್ತಲಿದ್ದವರು ಗೊಳ್ಳೆಂದು ನಕ್ಕರು.

ಕೊನೆಗೆ ಹಿರಿಯರ ಮೊಣಕಾಲಿಗೆ ಹಣೆ ಹಚ್ಚುವ ಶಾಸ್ತ್ರ. ತಂದೆ ತಾಯಿಗೆ ಎರಗಿ ಆಯಿತು. ವಿನಾರ್ಸಿ ಬು ಕುಸ್ಮಿಯ ಮುಂದೆ ಕೂತು ತಲೆ ತಗ್ಗಿಸಿದಳು, ಹಣೆ ಮಡಿಲಿಗೆ ತಾಗುವಷ್ಟು. ಆಗ ನೋಡಿದೆ, ಬು ಕುಸ್ಮಿಯ ಎರಡೂ ಕೈಗಳು ತಟಕ್ಕನೆ ತುರುಬಿನ ಕೆಳಗೆ ಬಂದವು. ಹರಸುವ ಕೈಗಳಾಗಿರಲಿಲ್ಲ ಅವು. ಬೀಳುವ ಮಗುವನ್ನು ಹಿಡಿಯಲು ಚಾಚಿದ ಹಾಗಿದ್ದವು. ಏನೂ ಬೀಳಲಿಲ್ಲ. ಹುಡುಗಿ ತಲೆಯೆತ್ತಿ ನಕ್ಕಳು, ಹಣೆಯ ಕಪ್ಪು ಬರೆದಂತೆಯೇ ಇತ್ತು. ಬು ಕುಸ್ಮಿಯ ಕೈ ಮಾತ್ರ ಇನ್ನೂ ಹಾಗೆಯೇ ಗಾಳಿಯಲ್ಲಿತ್ತು.

ಊಟದ ಗಲಾಟೆ ಇಳಿದ ಮೇಲೆ ನಾನು ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಹಿಂದಿನಿಂದ ಬು ಕುಸ್ಮಿ ಬಂದರು. ಮಾತಿನಲ್ಲಿ ಎರಡು ಬಾರಿಸೋಣ ಎಂದು ಬಾಯಿ ತೆರೆದೆ. ಅವರು ಪಿನ್ನು ಕಿತ್ತು, ತಮ್ಮ ದೊಡ್ಡ ತುರುಬನ್ನು ತೆಗೆದು ಕಟ್ಟೆಯ ಮೇಲಿಟ್ಟರು. ಚೌರಿ! ಅದರಡಿಯಲ್ಲಿ ಇದ್ದದ್ದು ನಮ್ಮದೇ ತಲೆ. ಜಿಡ್ಡಿಗೆ ಅಂಟಿಕೊಂಡ, ಮಿರಮಿರ ಮಿಂಚುವ, ಒತ್ತಾದ ತಲೆ.

“ನನ್ನ ಮದುವೇಲಿ ನನ್ನ ಕೂದಲಲ್ಲೇ ಕಟ್ಟಿದ್ರು” ಎಂದರು. “ಅತ್ತೆ ಮೊಣಕಾಲಿಗೆ ಬಗ್ಗಿದಾಗ ಎಲ್ಲಾ ಜಾರಿ ಅವರ ಮಡಿಲಿಗೇ ಬಿತ್ತು. ಪಾಂದಾನ್ ಎಲೆ, ಮಲ್ಲಿಗೆ, ಎಲ್ಲಾ. ಜನ ನಕ್ಕುಬಿಟ್ರು. ಅವತ್ತಿಂದ ನಾನು ಯಾರ ಮುಂದೇನೂ ತಲೆ ಬಗ್ಸಿಲ್ಲ ಬು ಕಾರ್ಸಿ. ಹುಡುಗಿ ನೆತ್ತಿ ಮುಟ್ಟಿದಾಗ ನನ್ನ ಜೀವ ಝಲ್ಲಂತು. ನಂಗಾದದ್ದು ಅವಳಿಗಾಗ್ಬಾರ್ದು ಅಂತಾನೇ ಆ ಬುಟ್ಟಿ ಹೊತ್ತು ತಂದಿದ್ದು.”

ನಾನು ಪಾತ್ರೆ ಬದಿಗಿಟ್ಟು ಕೈ ಒರೆಸಿಕೊಂಡೆ. ಅವರು ಕೆಳದನಿಯಲ್ಲಿ ಕೇಳಿದರು, “ಆ ನೀರು ಇನ್ನೂ ಇದೆಯಾ?”

ಮಡಕೆಯ ತಳದಲ್ಲಿತ್ತು. ಸೋಸದೆ ಉಳಿದದ್ದು ಬೆಳಗಿನಿಂದ ನೆನೆದು ಮತ್ತಷ್ಟು ಗಟ್ಟಿಯಾಗಿತ್ತು. “ಇಲ್ಲದೆ ಏನು? ಕೂತ್ಕೊಳ್ಳಿ” ಎಂದೆ. ಅಷ್ಟರಲ್ಲಿ ಸಿಂಗಾರ ಬಿಚ್ಚಿ, ಕೂದಲನ್ನು ಬೆನ್ನ ಮೇಲೆ ಹರಡಿಕೊಂಡು, ತಲೆಗೆ ಬಟ್ಟೆಯಿಲ್ಲದೆ ವಿನಾರ್ಸಿ ಬಂದಳು. ನೋಡಿದಳು. ನನ್ನ ಕೈಯಿಂದ ಚೊಂಬು ತೆಗೆದುಕೊಂಡಳು. “ಬುದೆ, ನಾನು ಎರೀತೀನಿ. ಅಮ್ಮಾ, ಕಣ್ಣು ಮುಚ್ಕೊಳ್ಳಿ. ಉಗುರು ತಾಗ್ಸಲ್ಲ.”

ಹುಡುಕಿಕೊಂಡು ಬಂದ ಹರ್ಯಾದಿ, ಹೆಂಡತಿ ತನ್ನಮ್ಮನ ತಲೆ ಉಜ್ಜುವುದನ್ನು ನೋಡಿ ನಿಂತುಬಿಟ್ಟ. “ಅಮ್ಮಂದೂ ವಿನ್‌ದೂ ತಲೆ ವಾಸನೆ ಒಂದೇ ಅಂತ ನಂಗೆ ಮೊದ್ಲಿಂದ್ಲೂ ಗೊತ್ತು. ತೆಂಪೆ ಅಂಗಡೀಲಿ ಮನೆ ನೆನಪಾಗ್ತಿತ್ತು” ಎಂದ. “ಹೋಗೋ ಆಚೆ, ಹೆಂಗಸ್ರು ಎರಕೊಳ್ಳೋ ಕಡೆ ನಿಂಗೇನು ಕೆಲಸ” ಎಂದು ಬು ಕುಸ್ಮಿ ಕಣ್ಣು ಮುಚ್ಚಿಕೊಂಡೇ ಗದರಿದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಆಗಲೇ.

ಹೊರಡುವ ಹೊತ್ತಿಗೆ ಬುಟ್ಟಿ ತರಲು ಹೋದರೆ ಎತ್ತಲಾಗುವುದಿಲ್ಲ. ಸಿಂಬಾ ದಿರ್ಜೊ ಚೌರಿಯನ್ನು ಹೊರಗೆ ಹಾಕಿ, ಬೆಳಿಗ್ಗೆ ಬಿಡಿಸಿದ ಭತ್ತವನ್ನೆಲ್ಲ ಕೇರಿ ಅದರಲ್ಲಿ ತುಂಬಿಟ್ಟಿದ್ದಳು. “ಬಾಗಿಲ ಭತ್ತ ತವರಲ್ಲಿ ಉಳಿಬಾರ್ದು, ಹುಡುಗಿ ಜೊತೆ ಹೋಗ್ಲಿ. ಬಿತ್ತಿ. ಮುಂದಿನ ಸಲ ಎಣ್ಣೆ ಹಚ್ಚೋಕೆ ನಾನಿರಲ್ಲ, ತೊಳಿಯೋಕೆ ಕಡ್ಡಿ ಇರ್ಲಿ” ಎಂದಳು. ಭಾರವಾಗೇ ಹೋಗುತ್ತದೆ ಎಂದು ನಾನು ಹೇಳಿರಲಿಲ್ಲವೇ?

ಬು ಕುಸ್ಮಿ ಒಣಗುತ್ತಿದ್ದ ಕೂದಲನ್ನು ಬಿಟ್ಟುಕೊಂಡೇ ಹೊರಟರು. ಬೀಗರು, ನೆಂಟರು, ಹಳೆಯ ಕೀಟಲೆಯವರು, ಎಲ್ಲರೂ ನೋಡುತ್ತಿದ್ದರು. ಗಿಡ್ಡ ಬಾಗಿಲ ಹತ್ತಿರ ಬಂದಾಗ ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಅದು ಮೇಲೇಳಲಿಲ್ಲ. ಸೊಸೆಯ ಭುಜದ ಮೇಲೆಯೇ ಇತ್ತು. ಅವರು ತಲೆ ಬಗ್ಗಿಸಿ ಬಾಗಿಲು ದಾಟಿದರು.